ಏರ್ ಶೋ ಫೋಟೋದಲ್ಲಿ ಹೆಲಿಕಾಪ್ಟರ್ ರೆಕ್ಕೆ ನಿಂತ ಹಾಗೆ ಯಾಕೆ ಬರುತ್ತೆ?

ಗುಬ್ಬಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಮೊನ್ನೆ ಶುಕ್ರವಾರ, 2023ರ ಫೆಬ್ರುವರಿ 17ಕ್ಕೆ, ಯಲಹಂಕದ ಏರೋ ಇಂಡಿಯಾ ಏರ್ ಶೋಗೆ ಹೋಗಿದ್ದೆವು. ನಾನು ಮತ್ತು ಮೂವರು ಗೆಳತಿಯರು. ಬೆಳಗಿನ ಜಾವ ನಾಲ್ಕಕ್ಕೇ ಹೊರಟು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದೆವು. ಒಬ್ಬಳು ಕಾರು ಓಡಿಸಿದಳು. ಇನ್ನೊಬ್ಬಳು ನಾಲ್ವರಿಗೂ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ ಯಲಹಂಕದ ಸುತ್ತ 10 ಕಿಲೋಮೀಟರ್ ಮಾಂಸದ ಅಂಗಡಿ ಮುಚ್ಚಿಸಿದ್ದರಲ್ಲ, ಹಾಗಾಗಿ ಬಿರಿಯಾನಿ ಆಸೆ ಮೊದಲೇ ಬಿಟ್ಟಿದ್ದೆವು.

ನನಗೆ ಹೆಲಿಕಾಪ್ಟರ್ ಫೋಟೋ ಬೇಕೇ ಬೇಕಿತ್ತು. ಇದೇ 6ನೇ ತಾರೀಖು ನಮ್ಮ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು. ಅವತ್ತಿನಿಂದ ಅಪ್ಪನಿಗೆ ಅದೇ ಮಾತು. ಅಂಗಡಿಯಲ್ಲಿ, ತಕ್ಕಡಿಯ ಹಿಂದಿನ ಗೋಡೆಗೆ, ಎಚ್‌ಎಎಲ್ ಮಾಡಿದ ಹೆಲಿಕಾಪ್ಟರಿನ ದೊಡ್ಡ ಫೋಟೋ ಹಾಕಬೇಕಂತೆ. ಕ್ಯಾಲೆಂಡರ್ ತೆಗೆದು ಜಾಗ ಮಾಡಿದ್ದಾರೆ. ಮೊಳೆನೂ ಹೊಡೆದಾಗಿದೆ.

ವಾಯುಪಡೆಯ ಸಾರಂಗ್ ತಂಡದವರ, ಎಚ್‌ಎಎಲ್ ಮಾಡಿದ ಧ್ರುವ್ ಹೆಲಿಕಾಪ್ಟರ್‌ಗಳು ಬಂದಾಗ ಮೈ ಜುಮ್ಮೆಂದಿತು. ಮೈಮೇಲೆ ನವಿಲಿನ ಚಿತ್ರ. ಎರಡು ಎದುರುಬದುರಾಗಿ ನುಗ್ಗಿ ಬಂದವು, ಇನ್ನೇನು ಡಿಕ್ಕಿ ಅನ್ನುವಾಗ ಪಕ್ಕಕ್ಕೆ ಹಾದು ಹೋದವು. ಗೆಳತಿ ನನ್ನ ತೋಳು ಹಿಡಿದಿದ್ದಳು. ಅವಳ ಉಗುರಿನ ಗುರುತು ಸಂಜೆವರೆಗೂ ಇತ್ತು.

ಮರುದಿನ ಶಿವರಾತ್ರಿ. ಜಾಗರಣೆಗೆ ಹೇಗೂ ಎಚ್ಚರ ಇರಬೇಕಿತ್ತು, 1,340 ಫೋಟೋಗಳನ್ನೂ ಒಂದೊಂದಾಗಿ ನೋಡಿದೆ. ತುಂಬಾ ಬೇಜಾರಾಯಿತು. ಹೆಲಿಕಾಪ್ಟರ್ ಸ್ಪಷ್ಟವಾಗಿ ಬಂದಿದೆ, ನವಿಲಿನ ಗರಿ ಎಣಿಸಬಹುದು. ಆದರೆ ಮೇಲಿನ ನಾಲ್ಕು ರೆಕ್ಕೆ ಕೋಲಿನ ಹಾಗೆ ನಿಂತುಬಿಟ್ಟಿವೆ. ಜಾತ್ರೆಯಲ್ಲಿ ಆಟಿಕೆಗೆ ದಾರ ಕಟ್ಟಿ ತೂಗುಹಾಕುತ್ತಾರಲ್ಲ, ಹಾಗೆ. ಅಪ್ಪ ನೋಡಿ, "ಫ್ಯಾನ್ ನಿಂತೋಗಿದೆಯಲ್ಲಮ್ಮ, ಬೀಳಲ್ವಾ?" ಅಂದರು.

ಕ್ಯಾನನ್ 200ಡಿ, 55-250 ಲೆನ್ಸ್. ಇಡೀ ದಿನ ಶಟರ್ 1/1600 ಸೆಕೆಂಡ್, ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) ಆಟೋ. ಇನ್ನೊಂದು ತೊಂದರೆ ಫೈಟರ್‌ಗಳದ್ದು. ಶಬ್ದ ಕೇಳಿ ಕ್ಯಾಮೆರಾ ಎತ್ತಿದರೆ ಖಾಲಿ ಆಕಾಶ. ಇನ್ನೂರಕ್ಕಿಂತ ಜಾಸ್ತಿ ಫೋಟೋದಲ್ಲಿ ಬರೀ ನೀಲಿ ಇದೆ. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಬೀದರ್ ಕಾಕಾ:

ನೋಡಮ್ಮ, ಕ್ಯಾಮೆರಾದ್ದೂ ತಪ್ಪಿಲ್ಲ, ಲೆನ್ಸಿಂದೂ ತಪ್ಪಿಲ್ಲ. 1/1600 ಜೆಟ್‌ಗೆ ಸರಿ, ಹೆಲಿಕಾಪ್ಟರಿಗೆ ಅಲ್ಲ. ಧ್ರುವ್ ರೆಕ್ಕೆ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತೆ. 1/1600 ಸೆಕೆಂಡಿನಲ್ಲಿ ಅದು ಸರಿಯೋದು ಒಂದು ಡಿಗ್ರಿ ಚಿಲ್ಲರೆ ಅಷ್ಟೇ. ಅದಕ್ಕೇ ಕೋಲಿನ ಹಾಗೆ ಕಾಣೋದು. 1/125ಕ್ಕೆ ಇಳಿಸಿದರೆ, ಅಂದರೆ ಶಟರ್ ಇನ್ನೂ ಹೆಚ್ಚು ಹೊತ್ತು ತೆರೆದಿದ್ದರೆ, 14 ಡಿಗ್ರಿ ಸರಿಯುತ್ತೆ. ಆಗ ತಿರುಗ್ತಾ ಇದೆ ಅನ್ನೋದು ಕಣ್ಣಿಗೆ ಗೊತ್ತಾಗುತ್ತೆ. ಪ್ರೊಪೆಲ್ಲರ್ ವಿಮಾನಕ್ಕೂ ಹೀಗೇ ಇಳಿಸಬೇಕು. ಅದು ಇನ್ನೂ ಜೋರಾಗಿ ತಿರುಗೋದರಿಂದ 1/250 ಸಾಕು.

ಶಟರ್ ಇಳಿಸಿದರೆ ಕೈ ಅಲುಗೋದು ಕಾಣುತ್ತೆ. ಕಾಲು ಅಗಲಿಸಿ ನಿಲ್ಲಿ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಸೊಂಟದಿಂದ ತಿರುಗಿ. ನಿಮ್ಮೂರ ಬಿ.ಎಚ್. ರಸ್ತೆಯಲ್ಲಿ ನಿಂತು ಓಡುವ ಬಸ್ಸುಗಳನ್ನು 1/125ರಲ್ಲಿ ತೆಗೆದು ನೋಡಿ. ಬಸ್ಸಿನ ಬೋರ್ಡು ಓದೋಕೆ ಬಂದು ಚಕ್ರ ತಿರುಗಿದ ಹಾಗೆ ಕಂಡರೆ ಕೈ ಪಳಗಿದೆ ಅಂತ. ಹತ್ತರಲ್ಲಿ ಎರಡು ಬಂದರೂ ಒಳ್ಳೆಯದೇ.

ಇನ್ನು ಫೈಟರ್ ವಿಷಯ. ಜೆಟ್‌ಗಳಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ನಮ್ಮೂರ ವಾಯುನೆಲೆಯಲ್ಲಿ. ಆಗ ಎಚ್‌ಎಎಲ್ ಮಾಡಿದ ಕಿರಣ್ ವಿಮಾನ, ಈಗ ಹಾಕ್. ಮಾಳಿಗೆ ಮೇಲೆ ಒಣಹಾಕಿದ ಜೋಳ ಕಾಯ್ತಾ ಅವರ ಅಭ್ಯಾಸ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಕಲಿತದ್ದು ಒಂದು: ಶಬ್ದ ಬಂದ ಕಡೆ ನೋಡಬಾರದು. ಜೆಟ್ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 250 ಮೀಟರ್ ಆಯಿತು. ಒಂದು ಕಿಲೋಮೀಟರ್ ದೂರದ ಶಬ್ದ ನಿಮ್ಮ ಕಿವಿಗೆ ಬರೋಕೆ 3 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ 750 ಮೀಟರ್ ಮುಂದೆ ಹೋಗಿರುತ್ತೆ. ನಿಮ್ಮ ಇನ್ನೂರು ನೀಲಿ ಫೋಟೋ ಎಲ್ಲ ಅದೇ 750 ಮೀಟರ್!

ಮುಂದಿನ ಸಲ ಒಬ್ಬ ಗೆಳತಿಗೆ ಬರೀ ನೋಡುವ ಕೆಲಸ ಕೊಡಿ. ಕ್ಯಾಮೆರಾ ಬೇಡ, ಮೊಬೈಲೂ ಬೇಡ. "ಎಡಗಡೆ, ಮರದ ಮೇಲೆ, ಎರಡು!" ಅಂತ ಕೂಗೋರು ಒಬ್ಬರಿದ್ದರೆ ಅರ್ಧ ಕೆಲಸ ಆದ ಹಾಗೆ. ಸರದಿ ಮೇಲೆ ಮಾಡಿಕೊಳ್ಳಿ, ಪಾಪ ಅವರೂ ಫೋಟೋ ತೆಗೀಬೇಕಲ್ಲ.

ಮಸುಕು ಲೆನ್ಸ್:

ಕಾಕಾ ಹೇಳಿದ್ದು ಸರಿ. ಆದರೆ ಮೊದಲನೇ ಸಲಕ್ಕೆ 1/125 ಕಷ್ಟ. 1/320ರಲ್ಲಿ ಶುರು ಮಾಡಿ, ಕೆಲವು ಒಳ್ಳೆಯವು ಸಿಕ್ಕ ಮೇಲೆ ಇಳಿಸುತ್ತಾ ಹೋಗಿ. ಬಿಸಿಲಲ್ಲಿ ಶಟರ್ ಇಳಿಸುವಾಗ ಐಎಸ್‌ಒ 100 ಮಾಡಿಕೊಳ್ಳಿ. ಆಗಲೂ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 11, 16ರವರೆಗೆ ಚಿಕ್ಕದಾಗುತ್ತೆ. ಕಿಂಡಿ ಅಷ್ಟು ಚಿಕ್ಕದಾದಾಗ ಸೆನ್ಸರ್ ಮೇಲೆ ಧೂಳಿದ್ದರೆ ಆಕಾಶದ ತುಂಬಾ ಕಪ್ಪು ಚುಕ್ಕೆ ಬೀಳುತ್ತೆ. ಹೊರಡುವ ಮುಂಚೆ ಕ್ಲೀನ್ ಮಾಡಿಸಿ.

200ಡಿಯಲ್ಲಿ ರಾ (ಕುಗ್ಗಿಸದ ದೊಡ್ಡ ಫೈಲ್) ಇಟ್ಟರೆ ಆರೇಳು ಶಾಟ್‌ಗೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಕ್ಯಾಮೆರಾ ನಿಧಾನ ಆಗುತ್ತೆ. ಏರ್ ಶೋಗೆ ಜೆಪೆಗ್ ಸಾಕು. ಹಿಂದೆ ಬೆಳ್ಳಗಿನ ಆಕಾಶ ಇದ್ದರೆ ಎಕ್ಸ್‌ಪೋಷರ್ +1 ಕೊಟ್ಟು ಫೋಟೋ ಬೆಳಕು ಮಾಡಿ, ಇಲ್ಲದಿದ್ದರೆ ವಿಮಾನ ಕಪ್ಪಾಗುತ್ತೆ.

ಅಂದ ಹಾಗೆ, ಗೆಳತಿಯರ ಕ್ಯಾಮೆರಾದಲ್ಲಿ ಹುಡುಕಿದಿರಾ? ಆಟೋ ಮೋಡ್‌ನಲ್ಲಿ ತೆಗೆದವರಿಗೆ ಎಷ್ಟೋ ಸಲ ಶಟರ್ ತಾನಾಗಿಯೇ ಕಡಿಮೆ ಬಿದ್ದಿರುತ್ತೆ.

ಗುಬ್ಬಿ ಹುಡುಗಿ:

ಕಾಕಾ, ಬಸ್ಸಿಗೆ ನಿನ್ನೆ ಸಂಜೆಯೇ ಶುರು ಮಾಡಿದೆ. ನಲವತ್ತರಲ್ಲಿ ಮೂರು ಬಂದಿವೆ. ಒಂದರಲ್ಲಿ "ತಿಪಟೂರು" ಅಂತ ಚೆನ್ನಾಗಿ ಓದಬಹುದು.

ಮಸುಕು ಲೆನ್ಸ್ ಅವರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕಾರು ಓಡಿಸಿದವಳ ಹಳೇ ಕ್ಯಾಮೆರಾದಲ್ಲಿ ಒಂದು ಸಿಕ್ಕಿತು. ಆಟೋ ಮೋಡ್, 1/250. ಹೆಲಿಕಾಪ್ಟರ್ ಸಣ್ಣದಾಗಿದೆ, ಆದರೆ ರೆಕ್ಕೆಯ ತುದಿಗಳು ಕರಗಿದ ಹಾಗೆ ಬಂದಿವೆ. ಅಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಇದೇ ಇರಲಿ ಅಂದರು. ನಾಳೆ ತುಮಕೂರಿನಲ್ಲಿ 12x18 ಇಂಚಿನ ಪ್ರಿಂಟ್ ಹಾಕಿಸುತ್ತೇನೆ.

ಫೋಟೋದ ಕೆಳಗಿನ ಮೂಲೆಯಲ್ಲಿ ಮೇಲಕ್ಕೆ ಎತ್ತಿದ ನನ್ನ ಲೆನ್ಸು, ಪಕ್ಕದಲ್ಲಿ ಗೆಳತಿ ಹಿಡಿದ ತೋಳು ಕಾಣುತ್ತೆ. ಕತ್ತರಿಸಲಾ ಅಂತ ಕೇಳಿದೆ. ಬೇಡ ಅಂದರು ಅಪ್ಪ.