ಮಿಲ್ಕ್‌ವೀಡ್ ಗಿಡದಲ್ಲಿ ಚಿಟ್ಟೆಯ ಹುಳುಗಳು ಸಾಯುತ್ತಿವೆ: ಬೇವಿನ ಎಣ್ಣೆ ಸಿಂಪಡಿಸಬಹುದೇ?

ತಾರಸಿತೋಟ, ಮೈಸೂರು

ಎಲ್ಲರಿಗೂ ನಮಸ್ಕಾರ. ತಾರಸಿಯಲ್ಲಿ ಚಿಟ್ಟೆಗಳಿಗೆಂದೇ ಒಂದು ಸಣ್ಣ ತೋಟ ಮಾಡುವ ಆಸೆಯಿಂದ ಕಳೆದ ತಿಂಗಳು ಒಂದು ನರ್ಸರಿಯಿಂದ ಮುರಿದರೆ ಹಾಲು ಸುರಿಯುವ, ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್, ಅಂದರೆ ಅಸ್ಕ್ಲೇಪಿಯಸ್ ಕುರಸಾವಿಕಾ, ನಾಲ್ಕು ಗಿಡಗಳನ್ನು ತಂದೆ. ವಾರದೊಳಗೆ ಪ್ಲೇನ್ ಟೈಗರ್ ಚಿಟ್ಟೆ ಬಂದು ಎಲೆಗಳ ಅಡಿಯಲ್ಲಿ ಮೊಟ್ಟೆಯಿಟ್ಟಿತು. ಮೊಟ್ಟೆಗಳೇನೋ ಒಡೆದವು, ಆದರೆ ಹುಳುಗಳು ಒಂದೆರಡು ದಿನ ಎಲೆ ತಿಂದು, ಒದ್ದಾಡಿ, ಕುಂಡದ ಮಣ್ಣಿಗೆ ಉದುರಿ ಸತ್ತುಹೋದವು. ಎರಡನೆಯ ಬಾರಿಯೂ ಹೀಗೆಯೇ ಆಯಿತು. ಗಿಡಗಳು ನೋಡಲು ಬಹಳ ಚೆನ್ನಾಗಿವೆ, ರಸ ಹೀರುವ ಒಂದು ಗಿಡಹೇನೂ ಇಲ್ಲ. ಗೆಳತಿ ಕೊಟ್ಟ ಬೀಜದಿಂದ ನಾನೇ ಬೆಳೆಸಿದ ಐದನೆಯ ಗಿಡದ ಕುಡಿಗಳಿಗೆ ಮಾತ್ರ ಹಳದಿ ಹೇನುಗಳು ಮುತ್ತಿಕೊಂಡಿವೆ. ಅದಕ್ಕೆ ಬೇವಿನ ಎಣ್ಣೆ ಸಿಂಪಡಿಸೋಣವೆಂದಿದ್ದೇನೆ. ಹುಳುಗಳು ಸಾಯಲು ಕಾರಣವೇನೆಂದು ತಿಳಿದವರು ದಯವಿಟ್ಟು ಹೇಳಬೇಕು.

ಎಲೆಯಡಿ, ಶಿವಮೊಗ್ಗ

ದಯವಿಟ್ಟು ಬೇವಿನ ಎಣ್ಣೆಯನ್ನು ಸಿಂಪಡಿಸಬೇಡಿ. ಬೇವಿನಲ್ಲಿರುವ ಅಜಾಡಿರಕ್ಟಿನ್ ಎಳೆಯ ಕೀಟಗಳು ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಅದಕ್ಕೆ ಹೇನು ಬೇರೆ, ಚಿಟ್ಟೆಯ ಹುಳು ಬೇರೆ ಎಂಬ ಭೇದವಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮಾತಿನಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಮಿಲ್ಕ್‌ವೀಡ್ ಮತ್ತು ಕಣಗಿಲೆಗೆ ಮುತ್ತುವ ಈ ಹಳದಿ ಹೇನು, ಗಂಡಿನ ಹಂಗಿಲ್ಲದೆಯೇ ಹೆಣ್ಣುಗಳು ಮರಿಹಾಕುತ್ತಾ ಹೋಗುವ ಜಾತಿಯಾದ್ದರಿಂದ, ಔಷಧಿ ಕಾಣದ ಗಿಡದಲ್ಲಿ ಅದು ಎಂದಾದರೊಂದು ದಿನ ಕಂಡೇ ಕಾಣುತ್ತದೆ. ಪಕ್ಕದ ಕುಂಡದಲ್ಲಿ ಹೇನು ತುಂಬಿರುವಾಗ ನರ್ಸರಿಯ ನಾಲ್ಕೂ ಗಿಡಗಳು ಅಷ್ಟು ಶುಭ್ರವಾಗಿವೆ ಎಂದರೆ, ಬೇರಿನಿಂದ ಎಲೆಯ ರಸದವರೆಗೆ ಹರಡುವ ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಕೀಟನಾಶಕವನ್ನು ಅವುಗಳಿಗೆ ಹಾಕಿರುವ ಸಂಭವವೇ ಹೆಚ್ಚು. ಇದು ಎಲೆಯ ಮೇಲಿನ ಲೇಪವಲ್ಲ, ಒಳಗಿನ ರಸ. ಆದ್ದರಿಂದ ಎಲೆ ತೊಳೆದರೆ ಹೋಗುವುದಿಲ್ಲ, ತಿಂಗಳುಗಟ್ಟಲೆ ಉಳಿಯಬಹುದು. ಆ ನಾಲ್ಕನ್ನೂ ಗೇಣುದ್ದಕ್ಕೆ ಕತ್ತರಿಸಿ, ಬೇರಿಗಂಟಿದ ಹಳೆಯ ಮಣ್ಣನ್ನು ಆದಷ್ಟು ಉದುರಿಸಿ, ಹೊಸ ಮಣ್ಣಿಗೆ ಬದಲಿಸಿ, ಚಿಟ್ಟೆ ಮೊಟ್ಟೆಯಿಡದಂತೆ ಸೊಳ್ಳೆಪರದೆ ಹೊದಿಸಿಡಿ. ಕೆಲವು ತಿಂಗಳ ನಂತರ ಪರದೆಯೊಳಗಿನ ಹೊಸ ಚಿಗುರಿಗೆ ಒಂದೆರಡು ಹೇನುಗಳನ್ನು ಬಿಟ್ಟು ನೋಡಿ. ಅವು ಬದುಕಿ ಮರಿಹಾಕಿದರೆ ವಿಷ ಇಳಿದಿದೆ ಎಂದು ಸಂತೋಷಪಡಬಹುದು.

ಐದನೆಯ ಗಿಡವೇ ನಿಮ್ಮ ಆಸ್ತಿ. ಅದರ ಕಾಯಿ ಒಡೆಯುವ ಮೊದಲೇ ಕೊಯ್ದು, ರೇಷ್ಮೆಯಂತಹ ಎಳೆಗಳನ್ನು ಬೇರ್ಪಡಿಸಿ, ಬೀಜವನ್ನು ತೆಳುವಾಗಿ ಮಣ್ಣು ಮುಚ್ಚುವಂತೆ ಬಿತ್ತಿ, ಬಿಸಿಲಿನಲ್ಲಿಡಿ. ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಕನಿಷ್ಠ ಎಂಟು-ಹತ್ತು ಗಿಡಗಳಾದರೂ ಬೇಕು, ಏಕೆಂದರೆ ಕೊನೆಯ ಹಂತದ ಹುಳುಗಳ ಹಸಿವು ಅಷ್ಟಿಷ್ಟಲ್ಲ, ನಾಲ್ಕೈದು ಹುಳುಗಳು ಸೇರಿದರೆ ಸಣ್ಣ ಗಿಡವೊಂದು ಬರಿಯ ಕಡ್ಡಿಯಾಗುತ್ತದೆ. ಅದನ್ನು ಕಂಡು ಮರುಗಬೇಡಿ, ನೀರು, ಎರೆಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ಹೇನುಗಳನ್ನು ಬೆರಳಿನಿಂದ ಒರಸಿ ನೀರು ಚಿಮ್ಮಿಸಿದರೆ ಸಾಕು. ಅದಕ್ಕೂ ಮೊದಲು ಎಲೆಯಡಿಯಲ್ಲಿ ಒಂಟಿಯಾಗಿ ಅಂಟಿಕೊಂಡ ಬೆಳ್ಳನೆಯ ಮೊಟ್ಟೆಗಳಿವೆಯೇ ಎಂದು ನೋಡಿಕೊಳ್ಳಿ. ಗುಲಗಂಜಿ ಹುಳು ಕಂಡರೆ ಇರಲಿ ಬಿಡಿ, ಹೇನೇ ಅದರ ಆಹಾರ.

ಬಯಲುಸೀಮೆ, ಚಿತ್ರದುರ್ಗ

ಮೇಲಿನವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ನಮ್ಮ ನೆಲದ ಮಿಲ್ಕ್‌ವೀಡ್ ಆದ ಎಕ್ಕವನ್ನು ಯಾರೂ ನೆನೆಯಲಿಲ್ಲವಲ್ಲ ಎಂಬುದು ನನ್ನ ಕೊರಗು. ರಥಸಪ್ತಮಿಯಂದು ತಲೆ, ಭುಜಗಳ ಮೇಲೆ ಎಲೆಯಿಟ್ಟು ಸ್ನಾನ ಮಾಡುವ ಎಕ್ಕವನ್ನು ಉಳಿದ ದಿನಗಳಲ್ಲಿ ಕಳೆಯೆಂದು ಕಿತ್ತೆಸೆಯುತ್ತೇವೆ. ಪ್ಲೇನ್ ಟೈಗರ್ ಹುಳುವಿಗೆ ಅದು ತಲೆತಲಾಂತರದ ಊಟ. ಹುಳುವು ಎಲೆಯ ನಡುನರವನ್ನು ಮೊದಲು ಕಡಿದು, ಹಾಲು ಹರಿಯುವುದನ್ನು ತಡೆದು, ಆಮೇಲೆ ತುದಿಯನ್ನು ತಿನ್ನುವ ಬುದ್ಧಿವಂತಿಕೆಯನ್ನು ಎಕ್ಕದ ಅಗಲವಾದ ಎಲೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಆ ಹಾಲಿನ ಕಹಿ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದಲೇ ಹಕ್ಕಿಗಳು ಈ ಚಿಟ್ಟೆಯ ತಂಟೆಗೆ ಹೋಗುವುದು ಕಡಿಮೆ. ಎಕ್ಕದ ಬೇರು ಆಳಕ್ಕಿಳಿಯುವುದರಿಂದ ಕುಂಡಕ್ಕಿಂತ ಕಾಂಪೌಂಡಿನ ಮೂಲೆಯ ನೆಲವೇ ಅದಕ್ಕೆ ಸರಿ. ವರ್ಷಕ್ಕೊಮ್ಮೆ ಸವರಿದರೆ ಎಳೆಯ ಎಲೆ ಸಿಗುತ್ತಿರುತ್ತದೆ.

ಒಂದು ಎಚ್ಚರಿಕೆಯ ಮಾತು. ಎಕ್ಕ ಸವರಿದ ಕೈಯಿಂದ ನಾನೊಮ್ಮೆ ಕಣ್ಣು ಉಜ್ಜಿಕೊಂಡಿದ್ದೆ. ಹೆಚ್ಚು ನೋವಿರಲಿಲ್ಲ, ಆದರೆ ಸಂಜೆಯ ಹೊತ್ತಿಗೆ ದೃಷ್ಟಿ ಮಂಜಾಗಿ ವೈದ್ಯರಲ್ಲಿಗೆ ಓಡಬೇಕಾಯಿತು. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ. ಹಾಲು ಕಣ್ಣಿಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ದೂರದೂರು, ಆಸ್ಟಿನ್

ನೀವು ತಂದಿರುವ ಕುರಸಾವಿಕಾ ಮೂಲತಃ ಅಮೆರಿಕ ಖಂಡದ ಉಷ್ಣವಲಯದ ಗಿಡ, ಮತ್ತು ಇಲ್ಲಿ ಟೆಕ್ಸಾಸಿನಲ್ಲಿ ಮೊನಾರ್ಕ್ ಚಿಟ್ಟೆ ಬೆಳೆಸುವವರ ನಡುವೆ ಅದು ದೊಡ್ಡ ಚರ್ಚೆಯ ವಸ್ತು. ಈ ಸೀಮೆಯ ಮಿಲ್ಕ್‌ವೀಡ್‌ಗಳು ಚಳಿಗಾಲಕ್ಕೆ ಒಣಗುತ್ತವೆ, ಕುರಸಾವಿಕಾ ಮಾತ್ರ ಚಳಿ ಕಡಿಮೆಯಿರುವೆಡೆ ಹಸಿರಾಗಿಯೇ ಉಳಿಯುತ್ತದೆ. ಆಗ ಓಇ ಎಂದು ಕರೆಯುವ ಏಕಕೋಶ ಪರಾವಲಂಬಿಯ ಬೀಜಾಣುಗಳು, ಸೋಂಕಿದ ಚಿಟ್ಟೆಯ ಹೊಟ್ಟೆಯಿಂದ ಅದೇ ಎಲೆಗಳ ಮೇಲೆ ಉದುರಿ ಕೂಡುತ್ತಾ ಹೋಗಿ, ಅವನ್ನು ತಿಂದ ಹುಳುಗಳಿಂದ ರೆಕ್ಕೆ ಮುದುಡಿದ ಚಿಟ್ಟೆಗಳು ಹುಟ್ಟುತ್ತವೆ. ಅದಕ್ಕಾಗಿ ಶರತ್ಕಾಲದಲ್ಲಿ ಗಿಡವನ್ನು ಬುಡದವರೆಗೆ ಕತ್ತರಿಸಲು ಇಲ್ಲಿ ಹೇಳುತ್ತಾರೆ. ನಾನೀಗ ಇಲ್ಲಿನ ನೆಲದ್ದೇ ಆದ ಅಸ್ಕ್ಲೇಪಿಯಸ್ ಆಸ್ಪೆರುಲಾ ಬೆಳೆಸುತ್ತಿದ್ದೇನೆ. ಮೈಸೂರಿನಲ್ಲಿ ಗಿಡ ವರ್ಷವಿಡೀ ಹಸಿರಾಗಿರುವುದರಿಂದ ನೀವೂ ಹಳೆಯ ಎಲೆಗಳನ್ನು ಆಗಾಗ ಸವರುತ್ತಿರಿ. ಬೀಜ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಹುಟ್ಟದಂತೆ, ಬಿತ್ತಲು ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಯಿಗಳನ್ನು ತೆಗೆದುಬಿಡಿ.

ತಾರಸಿತೋಟ, ಮೈಸೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನರ್ಸರಿಯಲ್ಲಿ ವಿಚಾರಿಸಿದಾಗ, ಕುಂಡಗಳ ಮಣ್ಣಿಗೆ ಔಷಧಿ ಹಾಕಿದ್ದು ನಿಜವೆಂದು ಒಪ್ಪಿಕೊಂಡರು. ನಾಲ್ಕೂ ಗಿಡಗಳನ್ನು ಕತ್ತರಿಸಿ ಪರದೆ ಹೊದಿಸಿದ್ದೇನೆ. ಕೆಳಗಿನ ಕಾಂಪೌಂಡಿನ ಮೂಲೆಯಲ್ಲಿ ಎಕ್ಕಕ್ಕೆ ಗುಂಡಿ ತೋಡಿಯಾಯಿತು. ಐದನೆಯ ಗಿಡದ ಹೇನು ಒರಸಲು ಇಂದು ಬೆಳಿಗ್ಗೆ ಎಲೆ ಮಗುಚಿದಾಗ ಮೂರು ಮೊಟ್ಟೆಗಳು ಕಂಡವು. ಆ ಮೂರು ಎಲೆಗಳನ್ನು ಮುಟ್ಟದೆ ಉಳಿದವನ್ನಷ್ಟೇ ತೊಳೆದಿದ್ದೇನೆ.