ಇಗ್ವಾನಾ ಸಾಕಿದವರು ಸ್ವಲ್ಪ ನಿಜ ಹೇಳಿ

ಯಲಹಂಕದ ಅಮ್ಮ:
ಮಗ ಪಿಯುಸಿ. ಹಸಿರು ಇಗ್ವಾನಾ ಅನ್ನೋ ದೊಡ್ಡ ಹಲ್ಲಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಅಂಗಡಿಯವರು ಗೇಣುದ್ದದ ಮರಿ ತೋರಿಸಿ, "ಇಷ್ಟೇ ಇರುತ್ತೆ, ಸೊಪ್ಪು ಹಾಕಿದ್ರೆ ಆಯ್ತು" ಅಂದ್ರು. ಮಾಂಸ ತರದ ಮನೆ ನಮ್ಮದು, ಸೊಪ್ಪು ತಿನ್ನೋ ಪ್ರಾಣಿ ಅಂದಾಗ ಒಂದು ನೆಮ್ಮದಿ. ಸಾಕಿದವರು ಏನಂತೀರಿ?

ಮೈಸೂರು ಹಲ್ಲಿಮನೆ:
ಇಷ್ಟೇ ಇರುತ್ತೆ ಅನ್ನೋದು ಸುಳ್ಳು ಅಕ್ಕಾ. ಚೆನ್ನಾಗಿ ಬೆಳೆದ ಗಂಡು ಬಾಲ ಸೇರಿ ಐದಡಿ ದಾಟುತ್ತೆ, ಹದಿನೈದಿಪ್ಪತ್ತು ವರ್ಷ ಬದುಕುತ್ತೆ. ನಿಮ್ಮ ಮಗ ಓದು ಮುಗಿಸಿ ಬೇರೆ ಊರಿಗೆ ಕೆಲಸಕ್ಕೆ ಹೋದ ಮೇಲೂ ಅದು ನಿಮ್ಮ ಮನೆಯಲ್ಲೇ ಇರುತ್ತೆ, ಸೊಪ್ಪು ಹೆಚ್ಚೋರು ನೀವೇ. ಮರ ಹತ್ತೋ ಪ್ರಾಣಿ, ಹಾಗಾಗಿ ಗಾಜಿನ ತೊಟ್ಟಿ ಸಾಲದು. ಆಳೆತ್ತರದ ಪಂಜರ ಬೇಕು, ಒಳಗೆ ದಪ್ಪ ಕೊಂಬೆಗಳು ಬೇಕು.

ಊಟದ ವಿಷಯದಲ್ಲಿ ಮಾತ್ರ ನಾವು ಪುಣ್ಯವಂತರು. ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ, ಹೂವು, ಮೇಲೊಂದಿಷ್ಟು ತುರಿದ ಸಿಹಿಗುಂಬಳ. ನಮ್ಮವನಿಗೆ ಕೆಂಪು ದಾಸವಾಳ ಕಂಡರೆ ಸಾಕು, ಮೇಲಿನ ಕೊಂಬೆಯಿಂದ ದಡದಡ ಇಳಿದು ಬರ್ತಾನೆ. ಹೂ ತಿಂದು ಮುಗಿಸೋ ಹೊತ್ತಿಗೆ ಬಾಯಿ ಸುತ್ತ ಎಲ್ಲ ಹಳದಿ ಪರಾಗ! ಪಾಲಕ್ ದಿನಾ ಬೇಡ. ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತೋಕೆ ಬಿಡಲ್ಲ. ದಂಟೂ ಅಪರೂಪಕ್ಕೇ ಸರಿ. ರೇಷ್ಮೆ ತೋಟದಿಂದ ಸೊಪ್ಪು ತಂದರೆ, ಔಷಧಿ ಹೊಡೆದು ಎಷ್ಟು ದಿನ ಆಯ್ತು ಅಂತ ಕೇಳಿಯೇ ತನ್ನಿ. ಯಾರಾದರೂ "ಶಕ್ತಿ ಬರಲಿ" ಅಂತ ಮೊಟ್ಟೆ, ನಾಯಿ ಫುಡ್ ಹಾಕಿ ಅಂದರೆ ಕೇಳಬೇಡಿ, ಕಿಡ್ನಿ ಹೋಗುತ್ತೆ.

ಕ್ಲಿನಿಕ್ ಕಾಂಪೌಂಡರ್:
ಸೊಪ್ಪು ಎಷ್ಟೇ ಚೆನ್ನಾಗಿದ್ದರೂ ಬಿಸಿಲಿಲ್ಲದಿದ್ದರೆ ವ್ಯರ್ಥ. ನಮ್ಮಲ್ಲಿಗೆ ಬರೋ ಇಗ್ವಾನಾಗಳ ಮುಖ್ಯ ಕಾಯಿಲೆಯೇ ಮೂಳೆ ಮೆತ್ತಗಾಗೋದು. ಕೆಳದವಡೆ ಮುಟ್ಟಿದರೆ ರಬ್ಬರಿನ ಹಾಗೆ ಬಗ್ಗುತ್ತೆ, ಬೆರಳು ನಡುಗುತ್ತೆ, ಹಿಂಗಾಲು ಊದಿರುತ್ತೆ. ಮಾಲೀಕರು "ತೊಡೆ ದಪ್ಪಗಾಗಿದೆ, ಚೆನ್ನಾಗಿ ತಿಂತಾನೆ ಸಾರ್" ಅಂತಿರ್ತಾರೆ. ಬಿಸಿಲಲ್ಲಿರೋ ಯುವಿಬಿ ಅನ್ನೋ ಕಣ್ಣಿಗೆ ಕಾಣದ ಕಿರಣ ಮೈಮೇಲೆ ಬಿದ್ದರೇನೇ ವಿಟಮಿನ್ ಡಿ3, ಅದಿದ್ದರೇನೇ ಕ್ಯಾಲ್ಸಿಯಂ ಮೈಗೆ ಹತ್ತೋದು. ಕಿಟಕಿ ಗಾಜಿನೊಳಗಿಂದ ಬರೋ ಬಿಸಿಲಲ್ಲಿ ಯುವಿಬಿ ಇರಲ್ಲ. ಬಾಲ್ಕನಿಗೆ ಜಾಲರಿ ಹಾಕಿಸಿ, ನೆರಳಿಗೂ ಜಾಗ ಬಿಟ್ಟು ನೇರ ಬಿಸಿಲಿಗೆ ಬಿಡಿ. ಯುವಿಬಿ ಟ್ಯೂಬು ಹಾಕಿದರೆ ಆರು ತಿಂಗಳಿಂದ ವರ್ಷದೊಳಗೆ ಬದಲಾಯಿಸಬೇಕು. ಬೆಳಕು ಬರ್ತಾನೇ ಇರುತ್ತೆ, ಯುವಿಬಿ ಮಾತ್ರ ಕಮ್ಮಿಯಾಗಿರುತ್ತೆ.

ಇನ್ನು ಕಾವು. ಬಿಸಿಲು ಕಾಯೋ ಕೊಂಬೆಯ ಹತ್ತಿರ 35 ಡಿಗ್ರಿ ಇರಲಿ, ರಾತ್ರಿ 23ಕ್ಕಿಂತ ಕೆಳಗೆ ಬೇಡ. ಇದು ತಿಂದ ಎಲೆಯನ್ನ ಕರುಳಲ್ಲಿ ಹುಳಿ ಬರಿಸಿ ಅರಗಿಸಿಕೊಳ್ಳೋ ಪ್ರಾಣಿ, ಮೈ ತಣ್ಣಗಾದರೆ ಆ ಕೆಲಸ ನಿಂತುಹೋಗುತ್ತೆ. ಡಿಸೆಂಬರಿನ ಬೆಂಗಳೂರು ರಾತ್ರಿಗೆ ಸೆರಾಮಿಕ್ ಹೀಟರ್ ಬೇಕು, ಕರೆಂಟ್ ಹೋದರೆ ಯುಪಿಎಸ್ಸೂ ಬೇಕು. ಬಿಸಿಯಾಗೋ ಕಲ್ಲು ಅಂತ ಮಾರ್ತಾರೆ, ತರಲೇಬೇಡಿ. ಹೊಟ್ಟೆ ಸುಟ್ಟುಕೊಂಡು ಬಂದವನ್ನ ನೋಡಿದ್ದೀನಿ.

ದಾವಣಗೆರೆ:
ಮನೇಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಬೇಡವೇ ಬೇಡ. ಆರೋಗ್ಯವಾಗಿರೋ ಇಗ್ವಾನಾ ಮೈಮೇಲೂ ವಾಂತಿ ಭೇದಿ ತರೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಅದರ ತಟ್ಟೆ ಅಡುಗೆಮನೆ ಸಿಂಕಿಗೆ ಬರದಿರಲಿ.

ಹಲ್ಲಿಪ್ರಿಯ:
ಎಲ್ಲರೂ ಹೆದರಿಸ್ತಾನೇ ಇದ್ದೀರಲ್ಲ! ಸುಖವೂ ಇದೆ ಮೇಡಂ. ನಾಯಿಯಂತೆ ಮೇಲೆ ಬಿದ್ದು ಮುದ್ದಾಡಲ್ಲ ಅಷ್ಟೇ. ಮನೆಯವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗುತ್ತೆ. ನಮ್ಮದು ನಾನು ಬಂದರೆ ನಾಲಿಗೆ ಚಾಚಿ ಕೈ ಮುಟ್ಟಿ ನೋಡಿ ಭುಜಕ್ಕೆ ಹತ್ತುತ್ತೆ, ಹೊಸಬರು ಬಂದರೆ ಗಂಟಲ ಚರ್ಮ ಬಿಡಿಸಿ ತಲೆ ಮೇಲೆ ಕೆಳಗೆ ಆಡಿಸುತ್ತೆ. ಅದು ಸ್ವಾಗತ ಅಲ್ಲ, "ಇದು ನನ್ನ ಜಾಗ" ಅಂತ. ಆಗಾಗ ಸೀನಿ ಗೋಡೆ ಮೇಲೆ ಬಿಳಿ ಪುಡಿ ಚಿಮುಕಿಸುತ್ತೆ. ನೆಗಡಿ ಅಂದ್ಕೋಬೇಡಿ, ಹೆಚ್ಚಾದ ಉಪ್ಪನ್ನ ಮೂಗಿಂದ ಹೊರಹಾಕೋದು ಅದು. ಬಾಲ ಹಿಡಿದು ಎಳೀಬೇಡಿ, ಕಳಚಿ ಬೀಳುತ್ತೆ. ಬೆದೆಯ ಕಾಲದಲ್ಲಿ ಗಂಡು ಕಿತ್ತಳೆ ಬಣ್ಣಕ್ಕೆ ತಿರುಗಿ ಸಾಕಿದವರನ್ನೇ ಕಚ್ಚಬಹುದು. ಹೆಣ್ಣಾದರೆ ಗಂಡಿಲ್ಲದೆಯೂ ಮೊಟ್ಟೆ ಇಡಬಹುದು, ಅಗೆಯೋಕೆ ಮಣ್ಣಿನ ಪೆಟ್ಟಿಗೆ ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೆ ಅಪಾಯ.

ಟ್ಯಾಂಪಾ ಕನ್ನಡಿಗ:
ಸಾಕೋಕಾಗಲ್ಲ ಅಂತ ಹೊರಗೆ ಮಾತ್ರ ಬಿಡಬೇಡಿ. ಅಮೆರಿಕದಲ್ಲಿ ನಮ್ಮ ಫ್ಲಾರಿಡಾದ ದಕ್ಷಿಣಕ್ಕೆ ಹೋದರೆ ಇಗ್ವಾನಾಗಳು ಕಾಲುವೆ ದಂಡೆ ತುಂಬಾ ಬಿಲ ತೋಡಿಕೊಂಡಿವೆ. ಜನವರಿ ಚಳಿಗೆ ಮರದಿಂದ ದೊಪ್ಪೆಂದು ಬೀಳ್ತವೆ. ಸತ್ತಿರಲ್ಲ, ಮೈ ಮರಗಟ್ಟಿರುತ್ತೆ, ಬಿಸಿಲೇರಿದರೆ ಎದ್ದು ಹೋಗ್ತವೆ. 2021ರಿಂದ ಇಲ್ಲಿ ಹೊಸದಾಗಿ ಸಾಕೋ ಹಾಗೇ ಇಲ್ಲ.

ಮೈಸೂರು ಹಲ್ಲಿಮನೆ:
ಅಲ್ಲಿನ ಕಾನೂನು ಅಂದಾಗ ನೆನಪಾಯ್ತು. ಇಗ್ವಾನಾ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರಕ್ಕೆ ಮಿತಿ ಹಾಕೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ನಮ್ಮ ದೇಶದ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಅಂಗಡಿಯವರ ಹತ್ತಿರ ಕಾಗದಪತ್ರ ಕೇಳಿ, "ಆಮೇಲೆ ಮಾಡಿಸಿಕೊಡ್ತೀವಿ" ಅಂದರೆ ಎದ್ದು ಬನ್ನಿ. ಸರೀಸೃಪ ನೋಡೋ ಡಾಕ್ಟರ್ ನಿಮ್ಮ ಕಡೆ ಯಾರಿದ್ದಾರೆ ಅನ್ನೋದನ್ನೂ ಮರಿ ತರೋ ಮೊದಲೇ ವಿಚಾರಿಸಿಕೊಳ್ಳಿ. ನಾಯಿ, ಬೆಕ್ಕು ನೋಡೋರೆಲ್ಲ ಇದನ್ನ ನೋಡಲ್ಲ.