ಸಹಾಯ ಬೇಕು: ಮಗನನ್ನು ಹರ್ಲಿಂಗ್ ಎಂಬ ಐರಿಷ್ ಕೋಲು-ಚೆಂಡಿನ ಆಟದ ಕ್ಲಬ್ಬಿಗೆ ಸೇರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಪತ್ನಿಯ ನರ್ಸ್ ಕೆಲಸದ ಕಾರಣ ಡಬ್ಲಿನ್ ಬಿಟ್ಟು ಐರ್ಲೆಂಡಿನ ಕ್ಲೇರ್ ಕೌಂಟಿಯ ಹಳ್ಳಿಯೊಂದಕ್ಕೆ ಬಂದು ಮೂರು ತಿಂಗಳಾಯಿತು. ಒಂದು ಚರ್ಚು, ಒಂದು ಶಾಲೆ, ಎರಡು ಪಬ್ಬು. ಉಳಿದದ್ದೆಲ್ಲ ಹಸು ಮತ್ತು ಮಳೆ. ಜನರ ಪರಿಚಯವಾಗುವುದು ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಐರಿಷ್ ಆಟಗಳ ಸಂಸ್ಥೆ) ಕ್ಲಬ್ಬಿನ ಮೈದಾನದಲ್ಲೇ. 1884ರಲ್ಲಿ ಹುಟ್ಟಿದ ಈ ಸಂಸ್ಥೆಯ ಕ್ಲಬ್ಬುಗಳು ಹೆಚ್ಚಾಗಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಲೆಕ್ಕದಲ್ಲಿಯೇ ಇವೆ.

ಎಂಟು ವರ್ಷದ ಮಗ ಹರ್ಲಿಂಗ್ ಆಡಲೇಬೇಕೆಂದು ಹಟ ಹಿಡಿದಿದ್ದಾನೆ. ಆಟ ನೋಡಿದಾಗ ನನ್ನ ಎದೆ ಝಲ್ಲೆಂದಿತು. ಆಶ್ ಮರದ ಕೋಲನ್ನು ತಲೆಯೆತ್ತರಕ್ಕೆ ಬೀಸುತ್ತಾರೆ! ಹೆಲ್ಮೆಟ್ ಕಡ್ಡಾಯ ಎಂಬುದೊಂದೇ ಸಮಾಧಾನ. ಮಕ್ಕಳನ್ನು ಈ ಆಟಕ್ಕೆ ಕಳುಹಿಸುತ್ತಿರುವವರು ದಯವಿಟ್ಟು ತಿಳಿಸಿ: ಈ ವಯಸ್ಸಿಗೆ ಎಷ್ಟು ಉದ್ದದ ಕೋಲು ಬೇಕು? ಬಳಸಿದ ಹೆಲ್ಮೆಟ್ ಕೊಳ್ಳಬಹುದೇ, ಅಥವಾ ಹೊಸದೇ ಆಗಬೇಕೇ?

ತರಬೇತಿಗೆ ಪೋಷಕರೂ ಕೈ ಜೋಡಿಸಬೇಕಂತೆ. ನಾನು ಜೀವನದಲ್ಲಿ ಆಡಿದ್ದು ಲಗೋರಿ ಮಾತ್ರ. ಅಂಥವನಿಗೆ ಯಾವ ಕೆಲಸ ಕೊಟ್ಟಾರು? ಇನ್ನೊಂದು ಪೇಚು, ಕ್ಲಬ್ಬಿನ ನಿಧಿಗಾಗಿ ಕೇಕ್ ಮಾರಾಟವಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ರವೆ ಉಂಡೆ ಕೊಂಡೊಯ್ದರೆ ಯಾರಾದರೂ ಮುಟ್ಟುತ್ತಾರೆಯೇ? ಮೊದಲ ತರಬೇತಿ ಈ ಶನಿವಾರ. ಅದಕ್ಕೂ ಮುಂಚೆ ಉತ್ತರಿಸಿದರೆ ದೊಡ್ಡ ಉಪಕಾರ.